ಮಣ್ಣಾದ ಕೋಟೆಗಳು

ಮಂಗಳೂರಿಗೆ ಬಂದ ನೆಂಟರಿಷ್ಟರು ದೇವಸ್ಥಾನಗಳ ದರ್ಶನವನ್ನೂ ಕಡಲ ಕರೆಯ ಗಾಳಿಸೇವನೆಯನ್ನೂ ಮುಗಿಸಿದ ಮೇಲೆ, "ಇಲ್ಲಿ ನೋಡತಕ್ಕ ಕೋಟೆಯೇನಾದರೂ ಉಂಟೋ?" ಎಂದು ವಿಚಾರಿಸುವುದುಂಟು. ಆಗ ನಮ್ಮ ಊರವರು ಅವರನ್ನು ಬೋಳೂರಿನ ಸುಲ್ತಾನ್ ಬತ್ತೇರಿಗೆ ಕರೆದೊಯ್ಯುವುದು ವಾಡಿಕೆ. ಫಲ್ಗುಣಿಯೆಂದೂ ಗುರುಪುರ ಹೊಳೆಯೆಂದೂ ಎರಡು ಹೆಸರುಗಳಿರುವ ನದಿಯ ದಡದಲ್ಲಿ ಕರಿಯ ಕಲ್ಲಿನಿಂದ ಕಟ್ಟಿದ ಒಂದು ಬುರುಜು ಅದು. ಶತ್ರುಗಳ ಯುದ್ಧನೌಕೆಗಳು ನದಿಯೊಳಕ್ಕೆ ನುಗ್ಗದಂತೆ ಕಾವಲಿಡುವುದಕ್ಕಾಗಿ ಟಿಪ್ಪು ಸುಲ್ತಾನನು 1784ರಲ್ಲಿ ಅದನ್ನು ಕಟ್ಟಿಸಿದನು. ಫಿರಂಗಿಗಳ ಬಾಯಿಗಾಗಿ ಬಿಟ್ಟ ಕಂಡಿಗಳಿಂದ ಇಣಿಕಿ ನೋಡಿದರೆ ಎದುರುದಡದ ತಣ್ಣೀರುಬಾವಿ ಕಾಣುತ್ತದೆ. ಕೆಳಗೆ ಮದ್ದಿನ ಉಗ್ರಾಣ, ಮೇಲೆ ಗಾಳಿ. ಅರ್ಧ ಗಂಟೆಯಲ್ಲಿ ಎಲ್ಲವೂ ನೋಡಿ ಮುಗಿಯುವುದು. "ಇಷ್ಟೇಯೋ?" ಎಂದು ನೆಂಟರು ಬಾಯಿಬಿಟ್ಟು ಕೇಳದಿದ್ದರೂ ಅವರ ಮುಖ ಕೇಳುತ್ತದೆ.

ಇಷ್ಟೇ ಅಲ್ಲ. ಬತ್ತೇರಿಯು ಮಂಗಳೂರಿನ ಕೋಟೆಯಲ್ಲ. ಅದು ಹೊಳೆಬಾಗಿಲಿನ ಚೌಕಿ ಮಾತ್ರ. ನಿಜವಾದ ಕೋಟೆ ಬೇರೆಯೇ ಇತ್ತು. ಪೋರ್ಚುಗೀಸರು 1568ರಲ್ಲಿ ಸಂತ ಸೆಬಾಸ್ಟಿಯನ್ನರ ಹೆಸರಿನಲ್ಲಿ ಇಲ್ಲಿ ಕೋಟೆಯನ್ನೆಬ್ಬಿಸಿದರು. ಆಮೇಲೆ ಇಕ್ಕೇರಿಯ ನಾಯಕರು, ಹೈದರಾಲಿ, ಇಂಗ್ಲಿಷರು, ಟಿಪ್ಪು ಎಂದು ಮಂಗಳೂರು ಕೈಯಿಂದ ಕೈಗೆ ಹೋಯಿತು. 1783ರ ಮಾರ್ಚಿ ತಿಂಗಳಿನಲ್ಲಿ ಜನರಲ್ ಮ್ಯಾಥ್ಯೂಸನ ಸೇನೆ ಕೋಟೆಯನ್ನು ಹಿಡಿಯಿತು. ಅದೇ ಮೇ ತಿಂಗಳಿನಲ್ಲಿ ಟಿಪ್ಪು ದೊಡ್ಡ ಸೈನ್ಯದೊಡನೆ ಬಂದು ಮುತ್ತಿಗೆ ಹಾಕಿದನು. ಕೋಟೆಯೊಳಗೆ ಕರ್ನಲ್ ಕ್ಯಾಂಬೆಲನ ದಂಡು. ಹೊರಗೆ ಟಿಪ್ಪುವಿನ ದಂಡು, ಅವನ ಜೊತೆಗೆ ಕೆಲವು ಕಾಲ ಫ್ರೆಂಚರು. ಎಂಟು ತಿಂಗಳಿಗೂ ಮೀರಿ ಈ ಮುತ್ತಿಗೆ ನಡೆಯಿತು. ನಡುವೆ ಆಗಸ್ಟಿನಲ್ಲಿ ಕದನವಿರಾಮವಾದರೂ ಹಸಿವಿಗೆ ವಿರಾಮವಿರಲಿಲ್ಲ. ಕೋಟೆಯೊಳಗಿನವರು ಕುದುರೆಯ ಮಾಂಸವನ್ನು ತಿಂದು, ರೋಗದಿಂದ ಕೃಶರಾಗಿ, 1784ರ ಜನವರಿ 30ರಂದು ಕೋಟೆಯನ್ನು ಒಪ್ಪಿಸಿದರು. ಮಾರ್ಚಿ 11ರಂದು ಮಂಗಳೂರಿನ ಒಪ್ಪಂದವಾಯಿತು. ಪಾಠಪುಸ್ತಕದಲ್ಲಿ ಈ ತಾರೀಖನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ ಉಪಾಧ್ಯಾಯರಲ್ಲಿ ನಾನೂ ಒಬ್ಬನು. ಆದರೆ ಒಪ್ಪಂದವಾದ ಬಳಿಕ ಆ ಕೋಟೆಯನ್ನು ಟಿಪ್ಪು ನೆಲಸಮ ಮಾಡಿಸಿದನೆಂಬುದನ್ನು ಪಾಠಪುಸ್ತಕ ಹೇಳುವುದಿಲ್ಲ. 1801ರಲ್ಲಿ ಈ ದಾರಿಯಾಗಿ ಬಂದ ಬುಕಾನನ್ ಎಂಬ ವೈದ್ಯನು ಕೋಟೆ ಹಾಳಾದುದನ್ನು ಬರೆದಿಟ್ಟಿದ್ದಾನೆ.

ವಾಚಕರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮುತ್ತಿಗೆಯೆಂದರೆ ಬರಿಯ ಗುಂಡಿನ ಮಳೆಯಲ್ಲ. ಅದು ಬಹುಮಟ್ಟಿಗೆ ಮಣ್ಣಿನ ಕೆಲಸ. ಕೋಟೆಯ ಗುಂಡು ತಾಗದಂತೆ ಸೈನಿಕರು ಅಡ್ಡಡ್ಡವಾಗಿ ಅಗಳುಗಳನ್ನು ತೋಡುತ್ತ ತೋಡುತ್ತ ಗೋಡೆಯ ಬಳಿಗೆ ಸರಿಯುತ್ತಾರೆ. ತೆಗೆದ ಮಣ್ಣನ್ನು ಮುಂದೆ ದಿಬ್ಬವಾಗಿ ಒಟ್ಟಿ ಅದರ ಮರೆಯಲ್ಲಿ ಫಿರಂಗಿಯನ್ನು ಹೂಡುತ್ತಾರೆ. ಗೋಡೆಯ ಬುಡಕ್ಕೆ ಸುರಂಗ ಕೊರೆಯುತ್ತಾರೆ. ಎಂಟು ತಿಂಗಳ ಕಾಲ ಸಾವಿರಾರು ಜನರು ಗುದ್ದಲಿ ಹಿಡಿದು ಮಾಡಿದ ಆ ಕೆಲಸ ಎಲ್ಲಿ ಹೋಯಿತು? ಹಳೆಯ ಬಂದರಿನಿಂದ ಬಾವುಟಗುಡ್ಡೆಯವರೆಗೆ ಒಂದು ಬೆಳಗ್ಗೆ ನಡೆದು ನೋಡಿರಿ. ಮಂಡಿಗಳು, ಕಚೇರಿಗಳು, ಶಾಲೆಗಳು, ಅಂಗಡಿಗಳು, ಬಹುಮಹಡಿಯ ವಸತಿಗಳು. ಒಂದು ದಿಬ್ಬವೂ "ನಾನು ಅಂದಿನವನು" ಎಂದು ಮೇಲೆದ್ದು ಹೇಳುವುದಿಲ್ಲ. ಅದು ಹೇಳಬೇಕಾದರೆ ನೆಲವನ್ನು ಅಗೆಯುವ ಮೊದಲು ಯಾರಾದರೂ ಕೇಳಬೇಕಾಗಿತ್ತು.

ಕಲ್ಲಿಗೆ ನಾವು ಕೈಮುಗಿಯುತ್ತೇವೆ. ಕದ್ರಿಯ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಸಂಸ್ಕೃತ ಶಾಸನವಿದೆ. ಆಳುಪ ಅರಸನಾದ ಕುಂದವರ್ಮನು ಕ್ರಿ.ಶ. 968ರಲ್ಲಿ ಕದರಿಕಾ ವಿಹಾರದಲ್ಲಿ ಆ ಮೂರ್ತಿಯನ್ನು ಸ್ಥಾಪಿಸಿದನೆಂದು ಅದರಿಂದ ತಿಳಿಯುತ್ತದೆ. ಅಕ್ಷರವಿದ್ದುದರಿಂದ ಅದಕ್ಕೆ ಮರ್ಯಾದೆ. ಮಣ್ಣಿಗೆ ಅಕ್ಷರವಿಲ್ಲ. ಆದರೂ ನಮ್ಮ ಪೂರ್ವಿಕರು ಮಣ್ಣಿನ ಕೆಲಸವನ್ನು ಕೀಳೆಂದು ತಿಳಿದಿರಲಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಗನಿರ್ಮಾಣದ ಒಂದು ಅಧ್ಯಾಯವಿದೆ. ಅದರ ಪ್ರಕಾರ ಕೋಟೆಯ ಸುತ್ತ ಮೂರು ಪರಿಖೆಗಳು, ಎಂದರೆ ಅಗಳುಗಳು. ಅವುಗಳ ಅಗಲ ಕ್ರಮವಾಗಿ 14, 12, 10 ದಂಡಗಳು. ದಂಡವೆಂದರೆ ನಾಲ್ಕು ಮೊಳ. ಅಗಳಿನಿಂದ ತೆಗೆದ ಮಣ್ಣಿನಿಂದಲೇ 6 ದಂಡ ಎತ್ತರದ ವಪ್ರವನ್ನು ಕಟ್ಟಬೇಕು. ಅದರ ಅಗಲ ಎತ್ತರದ ಎರಡರಷ್ಟಿರಬೇಕು. ಆನೆಗಳಿಂದಲೂ ಎತ್ತುಗಳಿಂದಲೂ ತುಳಿಸಿ ಗಟ್ಟಿಮಾಡಬೇಕು. ಮೇಲೆ ಮುಳ್ಳಿನ ಪೊದೆಗಳನ್ನೂ ವಿಷದ ಬಳ್ಳಿಗಳನ್ನೂ ಬೆಳೆಸಬೇಕು. ಕಲ್ಲಿನದೋ ಇಟ್ಟಿಗೆಯದೋ ಆದ ಪ್ರಾಕಾರವು ಆ ಮಣ್ಣಿನ ವಪ್ರದ ಮೇಲೆ ಬರತಕ್ಕದ್ದು. ಎಂದರೆ ಮಣ್ಣೇ ಮೊದಲು, ಕಲ್ಲು ಆಮೇಲೆ. ಮೇಘದೂತವನ್ನು ಓದಿದವರಿಗೆ ವಪ್ರಕ್ರೀಡೆಯ ಆನೆಯ ನೆನಪಾದೀತು. ಇಂತಹ ದಿಬ್ಬವನ್ನು ದಂತದಿಂದ ತಿವಿಯುವ ಆನೆ ಅದು. ಈಗ ದಿಬ್ಬವನ್ನು ತಿವಿಯುವುದು ಹಳದಿ ಬಣ್ಣದ ಯಂತ್ರ. ಅದಕ್ಕೆ ಆಟದ ಹುಮ್ಮಸ್ಸಿಲ್ಲ, ಗಂಟೆಗಿಷ್ಟೆಂದು ಬಾಡಿಗೆ.

ನಮ್ಮ ಕರಾವಳಿಯಲ್ಲಿ ಮಣ್ಣಿನ ಕೋಟೆಯ ಗುರುತು ಹಿಡಿಯುವುದು ಬಯಲುಸೀಮೆಯಲ್ಲಿದ್ದಷ್ಟು ಸುಲಭವಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಎಂತಹ ದಿಬ್ಬದ ತಲೆಯನ್ನಾದರೂ ಸವೆಸಿಬಿಡುತ್ತದೆ. ಕೊಚ್ಚಿಹೋದ ಮಣ್ಣು ಅಗಳನ್ನು ತುಂಬುತ್ತದೆ. ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಗೇರುಮರ. ಆದರೆ ನೆಲದಡಿಯ ಮುರಕಲ್ಲು ಮರೆಯುವುದಿಲ್ಲ. ಹೊಸದಾಗಿ ಕಡಿಯುವಾಗ ಮೆತ್ತಗಿದ್ದು ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕೆಂಪುಕಲ್ಲಿಗೆ ಭೂಶಾಸ್ತ್ರಜ್ಞರು ಬಳಸುವ ಹೆಸರನ್ನು ಕೊಟ್ಟವನು ಮೇಲೆ ಹೇಳಿದ ಬುಕಾನನ್‌ನೇ. ಇದರಲ್ಲಿ ಕಡಿದ ಅಗಳಿನ ಬದಿಗಳು ಶತಮಾನಗಳ ಮೇಲೂ ನೆಟ್ಟಗೆ ನಿಂತಿರಬಲ್ಲವು, ತುಂಬಿದ ಮಣ್ಣನ್ನು ತೆಗೆದು ನೋಡುವವರಿದ್ದರೆ.

ಹೆಸರುಗಳೂ ಕೆಲವೊಮ್ಮೆ ಕೈಹಿಡಿದು ನಡೆಸುತ್ತವೆ. ಮಂಗಳೂರಿನಲ್ಲಿ ಕೋಟೆಕಣಿ ಎಂಬ ಸ್ಥಳವಿದೆ. ಕಾಸರಗೋಡಿನಲ್ಲಿಯೂ ಅದೇ ಹೆಸರಿನ ಸ್ಥಳವಿದೆ. ತುಳುವಿನಲ್ಲಿ ಕಣಿಯೆಂದರೆ ನೀರು ಹರಿಯುವ ತೋಡು. ದಕ್ಷಿಣಕ್ಕೆ ತಲಪಾಡಿಯ ದಾರಿಯಲ್ಲಿ ಕೋಟೆಕಾರು. ಹೆಸರನ್ನು ಕೇಳಿದ ಮಾತ್ರಕ್ಕೆ ಇತಿಹಾಸವನ್ನು ಹೆಣೆಯುವುದು ಪಂಡಿತರ ಲಕ್ಷಣವಲ್ಲ. ಆದರೆ ಹೆಸರನ್ನು ಕೇಳಿಯೂ ಕಾಲೆತ್ತಿ ನೋಡಲು ಹೋಗದಿರುವುದು ಯಾರ ಲಕ್ಷಣವೂ ಆಗಬಾರದು. 2021ರಲ್ಲಿ ಹಂಪನಕಟ್ಟೆಯ ವೃತ್ತದಲ್ಲಿ ರಸ್ತೆಯ ಕೆಲಸಕ್ಕೆಂದು ಅಗೆದಾಗ ಹಳೆಯದೊಂದು ಬಾವಿ ಬಾಯ್ದೆರೆಯಿತು. ದಿನವೂ ಅದರ ಮೇಲೆ ಎಷ್ಟು ಬಸ್ಸುಗಳು ಹೋಗುತ್ತಿದ್ದುವೋ! ಜನರು ಸುತ್ತ ಕೂಡಿ ನೋಡಿದರು. ಬಾವಿಗಾದರೆ ಒಂದು ಆಕಾರವುಂಟು, ಮಕ್ಕಳೂ ಅದನ್ನು ಬಾವಿಯೆಂದು ಗುರುತಿಸುವರು. ಮುಚ್ಚಿಹೋದ ಅಗಳು ಅದೇ ರಸ್ತೆಯಲ್ಲಿ ಸಿಕ್ಕಿದ್ದರೆ ಬಣ್ಣ ಬದಲಾದ ಮಣ್ಣೆಂದು ತಳ್ಳಿ ಮುಂದೆ ಹೋಗುತ್ತಿದ್ದರು.

ಹೀಗೆ ಪಟ್ಟಣದಲ್ಲಿ ಕಳೆದುಹೋದುದು ಹಳ್ಳಿಗಳಲ್ಲಿಯಾದರೂ ಉಳಿದಿರಬಹುದೆಂಬ ಆಸೆಯಿಂದ, ನಿವೃತ್ತನಾದ ಮೇಲೆ ನಾನು ಆಗಾಗ ಬುತ್ತಿ ಕಟ್ಟಿಕೊಂಡು ಹೊರಡುವ ಅಭ್ಯಾಸವನ್ನಿಟ್ಟುಕೊಂಡಿದ್ದೇನೆ. ಮೊದಲು ಹೋದುದು ಬಾರಕೂರಿಗೆ. ಮಂಗಳೂರಿನಿಂದ ಕೊಂಕಣ ರೈಲಿನಲ್ಲಿ ಹೋದರೆ ಊರಿಗೇ ನಿಲ್ದಾಣವಿದೆ. ಈ ದಾರಿಯ ಪ್ರಯಾಣವೇ ಒಂದು ಪಾಠ. ಹಳಿಗಳಿಗಾಗಿ ಗುಡ್ಡಗಳನ್ನು ಸೀಳಿದಲ್ಲೆಲ್ಲ ಎರಡು ಬದಿಗಳಲ್ಲೂ ಕೆಂಪುಗೋಡೆಗಳು. ಮೇಲ್ಗಡೆ ಮೊಳದಷ್ಟು ಕರಿಮಣ್ಣು, ಅದರ ಕೆಳಗೆ ಮುರಕಲ್ಲು, ಅದರ ಕೆಳಗೆ ಬಿಳಿಯ ಜೇಡಿ. ಭೂಮಿಯನ್ನು ಪುಸ್ತಕದಂತೆ ತೆರೆದು ತೋರಿಸಿದ್ದಾರೆ. ಓದುವುದಕ್ಕೆ ರೈಲು ಬಿಡುವು ಕೊಡುವುದಿಲ್ಲ.

ಬಾರಕೂರು ಆಳುಪರ ರಾಜಧಾನಿಯಾಗಿದ್ದ ಊರು. ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರ. 14ನೆಯ ಶತಮಾನದ ಅರಬ್ ಪ್ರವಾಸಿ ಇಬನ್ ಬತೂತನು ಫಾಕನೂರೆಂದು ಕರೆದುದು ಇದನ್ನೇ. ಮಂಗಳೂರು ಅವನ ಬಾಯಲ್ಲಿ ಮಂಜರೂರಾಯಿತು. ಕೇರಿ ಕೇರಿಯಲ್ಲಿಯೂ ದೇವಸ್ಥಾನ, ಕತ್ತಲೆ ಬಸದಿ, ಶಾಸನದ ಕಲ್ಲುಗಳು. ಕೋಟೆಕೇರಿಯಲ್ಲಿ ಹಳೆಯ ಕೋಟೆಯ ಅವಶೇಷವೂ ಅಗಳೂ ಇವೆ. ಸಂಜೆಯ ಓರೆಬಿಸಿಲಿನಲ್ಲಿ ಅದನ್ನು ನೋಡಬೇಕು. ನಡುಹಗಲಿನಲ್ಲಿ ಕಾಣದ ಏರುತಗ್ಗುಗಳಿಗೆಲ್ಲ ಆಗ ನೆರಳು ಮೂಡಿ, ಮಲಗಿದ ಪ್ರಾಣಿಯೊಂದರ ಬೆನ್ನೆಲುಬು ಚರ್ಮದಡಿಯಲ್ಲಿ ಕಾಣುವಂತೆ ನೆಲದ ಮೈಕಟ್ಟು ಕಾಣುತ್ತದೆ. ವಿಮಾನದಿಂದ ಚಿತ್ರ ತೆಗೆಯುವವರೂ ಇದೇ ಓರೆಬೆಳಕನ್ನು ಕಾಯುತ್ತಾರೆ. ಈಚೆಗೆ ಲೇಸರ್ ಕಿರಣಗಳಿಂದ ಕಾಡಿನಡಿಯ ನೆಲವನ್ನೂ ಅಳೆಯುವ ವಿದ್ಯೆ ಬಂದಿದೆ. 2012ರಲ್ಲಿ ಕಾಂಬೋಜದ ಅಂಗ್ಕೋರಿನ ಸುತ್ತ ಮರಗಳ ಮರೆಯಲ್ಲಿದ್ದ ಬೀದಿಗಳನ್ನೂ ಕೆರೆಗಳನ್ನೂ ದಿಬ್ಬಗಳನ್ನೂ ಅದರಿಂದಲೇ ಕಂಡರು. ನಮ್ಮಂತಹವರಿಗೆ ಸಂಜೆಯ ಸೂರ್ಯನೇ ಸಾಕು. ಅವನು ಬಾಡಿಗೆ ಕೇಳುವುದಿಲ್ಲ.

ತುಳುನಾಡಿನ ಊರೂರುಗಳನ್ನು ಹೀಗೆ ನಡೆದು ನೋಡಿದವರಲ್ಲಿ ಹಿರಿಯರು ಡಾ. ಪಿ. ಗುರುರಾಜ ಭಟ್ಟರು. ಕಾಲೇಜಿನ ಅಧ್ಯಾಪನದ ನಡುವೆ ಹಳ್ಳಿಹಳ್ಳಿಗಳನ್ನು ಅಲೆದು ಅವರು 1975ರಲ್ಲಿ ಪ್ರಕಟಿಸಿದ ತುಳುವ ಇತಿಹಾಸದ ದೊಡ್ಡ ಗ್ರಂಥ ಇಂದಿಗೂ ಈ ವಿಷಯದಲ್ಲಿ ಮೊದಲು ತೆರೆಯತಕ್ಕ ಪುಸ್ತಕ. ಅವರು ಕಂಡುದರಲ್ಲಿ ಎಷ್ಟು ಉಳಿದಿದೆಯೆಂದು ಈಗ ಯಾರಾದರೂ ಅದೇ ದಾರಿಯಲ್ಲಿ ನಡೆದು ಲೆಕ್ಕ ಹಾಕಿದರೆ ಒಳ್ಳೆಯದು. ಒಂದು ಲೆಕ್ಕ ಮಾತ್ರ ಸಿಕ್ಕುತ್ತದೆ. ಮೂಡಬಿದಿರೆಯ ಹತ್ತಿರದ ಮೂಡುಕೊಣಾಜೆಯ ಕಲ್ಲುಗುಡ್ಡದ ಇಳಿಜಾರಿನಲ್ಲಿ ಒಂಬತ್ತು ಬೃಹತ್ ಶಿಲಾಸಮಾಧಿಗಳಿದ್ದುದನ್ನು ಇತಿಹಾಸಜ್ಞರಾದ ಪುಂಡಿಕಾಯಿ ಗಣಪಯ್ಯ ಭಟ್ಟರು ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ವರದಿಮಾಡಿದ್ದರು. 2023ರಲ್ಲಿ ಪ್ರೊ. ಟಿ. ಮುರುಗೇಶಿಯವರು ಅಲ್ಲಿ ಶೋಧನೆ ನಡೆಸಿದಾಗ ಸರಿಯಾಗಿ ಉಳಿದಿದ್ದುವು ಎರಡೇ. ಹಾಳಾದ ಸಮಾಧಿಗಳ ನೆಲದಲ್ಲಿ ಅವರಿಗೆ ಸುಟ್ಟ ಮಣ್ಣಿನ ಗೊಂಬೆಗಳು ದೊರೆತುವು: ಎತ್ತು, ನವಿಲು, ಕುದುರೆ, ಮಾತೃದೇವತೆ. ಕ್ರಿಸ್ತಪೂರ್ವ 800-700ರ ಕಾಲದವೆಂದು ಅವರ ಅಂದಾಜು. ಅಂಗೈಯಲ್ಲಿ ಹಿಡಿಯುವ ಮಣ್ಣಿನ ನವಿಲು ಎರಡೂವರೆ ಸಾವಿರ ವರ್ಷ ಈ ಮಳೆಯಲ್ಲಿ ಬದುಕಿತು; ಆಳೆತ್ತರದ ಕಲ್ಲಿನ ಮನೆಗಳು ನಾಲ್ವತ್ತು ವರ್ಷದಲ್ಲಿ ಏಳು ಹೋದುವು. ಕಲ್ಲಿನದಕ್ಕೆ ಈ ಗತಿಯಾದರೆ ಮಣ್ಣಿನ ದಿಬ್ಬದ ಪಾಡನ್ನು ಹೇಳತಕ್ಕುದೇನು?

ಹಾಗೆಂದು ರಸ್ತೆ ಬೇಡ, ಮನೆ ಬೇಡ ಎನ್ನುವವನು ನಾನಲ್ಲ. ಮಳೆಗಾಲದಲ್ಲಿ ಸಂಕವಿಲ್ಲದ ತೋಡನ್ನು ದಾಟಲಾರದೆ ಶಾಲೆ ತಪ್ಪಿಸಿದ ಮಕ್ಕಳ ಹಾಜರಿ ಪುಸ್ತಕವನ್ನು ಬರೆದವನಿಗೆ ರಸ್ತೆಯ ಬೆಲೆ ಗೊತ್ತಿದೆ. ಪಣಂಬೂರಿನಲ್ಲಿ ನೆಲವನ್ನು ತೋಡಿ ಸಮುದ್ರವನ್ನು ಒಳಕ್ಕೆ ಕರೆದುದರಿಂದಲೇ ನವಮಂಗಳೂರು ಬಂದರಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಕೇಳುವುದು ಇಷ್ಟೇ: ಅಗೆಯುವ ಮೊದಲು ಒಮ್ಮೆ ನಡೆದು ನೋಡಿ ಬರೆದಿಡಬಾರದೆ?

ಬರೆದಿಟ್ಟ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಕೃಷ್ಣಾನದಿಯ ನಾಗಾರ್ಜುನಕೊಂಡದ ಕಣಿವೆ ಅಣೆಕಟ್ಟಿನ ನೀರಿನಲ್ಲಿ ಮುಳುಗುವುದೆಂದು ನಿಶ್ಚಯವಾದಾಗ, ಪುರಾತತ್ವ ಇಲಾಖೆಯವರು 1954ರಿಂದ 1960ರವರೆಗೆ ಆ ಇಡೀ ಕಣಿವೆಯನ್ನು ಶೋಧಿಸಿದರು. ಇಕ್ಷ್ವಾಕು ಅರಸರ ವಿಜಯಪುರಿ ಅಲ್ಲಿತ್ತು. ಅದರ ಕೋಟೆಗೋಡೆಯನ್ನು ಅಡ್ಡವಾಗಿ ಕಡಿದು ನೋಡಿದಾಗ ಮೊದಲು ಮಣ್ಣಿನಿಂದ ಕಟ್ಟಿದ ದಿಬ್ಬವೂ ಆಮೇಲೆ ಸೇರಿಸಿದ ಇಟ್ಟಿಗೆಯ ಗೋಡೆಯೂ ಕಂಡುವು, ಹೊರಗೆ ಅಗಳಿತ್ತು. ಕೌಟಿಲ್ಯನ ಕ್ರಮವೇ ಅಲ್ಲವೆ? ಈಗ ಆ ನೆಲದ ಮೇಲೆ ಅಗಾಧ ಜಲರಾಶಿಯಿದೆ, ರೈತರಿಗೆ ನೀರು ಸಿಕ್ಕಿದೆ, ಆರಿಸಿದ ಕಟ್ಟಡಗಳನ್ನು ನಡುಗಡ್ಡೆಯಾದ ಬೆಟ್ಟದ ಮೇಲೂ ದಡದಲ್ಲಿಯೂ ಪುನಃ ಕಟ್ಟಿದ್ದಾರೆ, ಕೋಟೆಯ ಅಳತೆಗಳು ವರದಿಯಲ್ಲಿವೆ. ಇಂಗ್ಲೆಂಡಿನಲ್ಲಿ 1990ರಿಂದೀಚೆಗೆ, ಹಳೆಯ ಅವಶೇಷಗಳಿರಬಹುದಾದ ನೆಲದಲ್ಲಿ ಕಟ್ಟಡಕ್ಕೆ ಅನುಮತಿ ಕೇಳುವವನು ಮೊದಲು ಅದನ್ನು ಪರೀಕ್ಷೆ ಮಾಡಿಸಬೇಕೆಂಬ ಪದ್ಧತಿ ಬಂದಿದೆ, ಖರ್ಚೂ ಅವನದೇ. ಪರೀಕ್ಷೆಯಾದ ಮೇಲೆ ಅನೇಕ ಕಡೆ ಕಟ್ಟಡ ಏಳುತ್ತದೆ. ಕಾಗದದ ಮೇಲೆ ಹಳೆಯದು ಉಳಿಯುತ್ತದೆ. ನಮ್ಮಂತೆಯೇ ಮುರಕಲ್ಲಿನ ನಾಡಾದ ರತ್ನಾಗಿರಿಯಲ್ಲಿಯಾದರೋ ಕಥೆ ಬೇರೆ. ಬಾರ್ಸು ಎಂಬ ಹಳ್ಳಿಯ ಬಯಲು ಪಾರೆಯ ಮೇಲೆ ಪ್ರಾಗೈತಿಹಾಸಿಕ ಮಾನವರು ಕೊರೆದ ದೊಡ್ಡ ಚಿತ್ರಗಳಿವೆ. ಅದೇ ಪರಿಸರದಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆಯ ಪ್ರಸ್ತಾಪ. 2023ರಲ್ಲಿ ಮಣ್ಣಿನ ಪರೀಕ್ಷೆಗೆ ಬಂದವರನ್ನು ಊರವರು ತಡೆದು ದೊಡ್ಡ ಗಲಭೆಯಾಯಿತು.

ದೊಡ್ಡ ಯೋಜನೆಗಳ ಮಾತು ಹಾಗಿರಲಿ. ನಮ್ಮ ಜಿಲ್ಲೆಯಲ್ಲಿ ದಿಬ್ಬಗಳನ್ನು ಬಹಳವಾಗಿ ಸಮತಟ್ಟು ಮಾಡುವವರು ಯಾರು? ಈ ಪತ್ರಿಕೆಯನ್ನು ಓದುವಂತಹ ಗೃಹಸ್ಥರೇ. ಮಗನಿಗೆ ಮನೆ, ತೋಟಕ್ಕೆ ದಾರಿ, ಅಂಗಳಕ್ಕೆ ಮಣ್ಣು. ಒಂದು ಉದಾಹರಣೆಯನ್ನು ಹೇಳುತ್ತೇನೆ. ಊರಿನ ಹೆಸರನ್ನು ಮಾತ್ರ ಹೇಳುವುದಿಲ್ಲ, ಯಾಕೆಂದರೆ ಹಾಗೆಂದು ಮಾತು ಕೊಟ್ಟಿದ್ದೇನೆ. ಮಂಗಳೂರಿನಿಂದ ಒಂದು ಗಂಟೆಯ ದಾರಿ. ಗದ್ದೆಯ ಬೈಲಿನ ಮೇಲಿರುವ ಗುಡ್ಡದ ಭುಜದಲ್ಲಿ ಅರ್ಧಚಂದ್ರಾಕಾರದ ಎದೆಯೆತ್ತರದ ಒಂದು ದಿಬ್ಬ, ಅದರ ಹೊರಬದಿಯಲ್ಲಿ ಉದ್ದನೆಯ ತಗ್ಗು. ನೀರಿನ ಕಟ್ಟವೆನ್ನೋಣವೆಂದರೆ ಅಲ್ಲಿ ನೀರಿಲ್ಲ. ಜಾಗದ ಗಡಿಯ ಅಗಳೆನ್ನೋಣವೆಂದರೆ ಮೂರು ಜನರ ಜಾಗವನ್ನು ಅದು ಅಡ್ಡಕ್ಕೆ ದಾಟುತ್ತದೆ. ಜಾಗದ ಯಜಮಾನರು ಮರ್ಯಾದಸ್ಥರು, ಬೆಲ್ಲ ನೀರು ಕೊಟ್ಟು ಜಗಲಿಯಲ್ಲಿ ಕೂರಿಸಿದರು. ವಿಷಯ ತಿಳಿದ ಮೇಲೆ ಮಾತ್ರ ಮುಖ ಸಣ್ಣದಾಯಿತು.

"ಮಾಷ್ಟ್ರೇ, ನೀವು ಇದನ್ನು ಹಳೇ ಕೋಟೆ ಅಂತ ಪೇಪರಿನಲ್ಲಿ ಹಾಕಿದರೆ ನಾಳೆ ಇಲ್ಲಿ ಸರಕಾರದ ಬೋರ್ಡು ಬೀಳುತ್ತದೆ. ಮತ್ತೆ ನನ್ನ ಮಗನಿಗೆ ಮನೆ ಕಟ್ಟಲಿಕ್ಕೆ ಉಂಟೋ?"

ಆ ಭಯ ನಿರಾಧಾರವೆಂದು ನಾನು ಹೇಳಲಾರೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟಕೂಡದು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಸ್ಮಾರಕವನ್ನು ಉಳಿಸುವುದಕ್ಕಾಗಿ ಮಾಡಿದ ನಿಯಮ ಒಳ್ಳೆಯದೇ. ಆದರೆ ಅದರ ಸುದ್ದಿ ಅರ್ಧಂಬರ್ಧವಾಗಿ ಹಳ್ಳಿಗೆ ತಲಪಿ, ಹಳೆಯದೇನಾದರೂ ಕಂಡರೆ ಯಾರಿಗೂ ಹೇಳದೆ ರಾತ್ರೋರಾತ್ರಿ ಮುಚ್ಚುವುದೇ ಜಾಣತನವೆಂಬ ಭಾವನೆ ಬೆಳೆದಿದೆ. "ಶೆಟ್ರೇ, ಆ ನಿಯಮ ಸರಕಾರ ಗೆಜೆಟ್ಟಿನಲ್ಲಿ ಹೆಸರಿಸಿ ರಕ್ಷಿಸಿದ ಸ್ಮಾರಕಕ್ಕೆ. ಅಳೆದು ಬರೆದ ಮಾತ್ರಕ್ಕೆ ನಿಮ್ಮ ಜಾಗ ಸ್ಮಾರಕವಾಗುವುದಿಲ್ಲ," ಎಂದು ನಾನು ಬಹಳ ಹೊತ್ತು ವಿವರಿಸಿದೆನು. ಅವರು ಎಲೆಯಡಿಕೆ ಹಾಕಿಕೊಂಡು ಯೋಚಿಸಿದರು. ಕೊನೆಗೆ, "ಆಗಲಿ, ಅಳತೆ ಮಾಡಿಕೊಳ್ಳಿ. ಊರಿನ ಹೆಸರು ಬೇಡ. ಸೋಮವಾರ ಜೆ.ಸಿ.ಬಿ. ಬರುತ್ತದೆ, ಅದರ ಒಳಗೆ ಆಗಬೇಕು," ಎಂದರು.

ಭಾನುವಾರ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರೊಡನೆ ಹೋದೆನು. ಅಳತೆಯ ಟೇಪು, ನೆಟ್ಟ ಕೋಲುಗಳು, ಮಟ್ಟ ನೋಡುವುದಕ್ಕೆ ನೀರು ತುಂಬಿದ ಕೊಳವೆ, ಚಿತ್ರ ತೆಗೆಯುವುದಕ್ಕೆ ಹುಡುಗರ ಮೊಬೈಲು. ಇದಕ್ಕಿಂತ ಹೆಚ್ಚಿನ ಸಾಮಗ್ರಿ ನಮ್ಮಲ್ಲಿರಲಿಲ್ಲ. ದಿಬ್ಬದ ಒಂದು ತುದಿಯನ್ನು ಹಿಂದೆಯೇ ಕಾಲುದಾರಿಗೆಂದು ಕಡಿದಿದ್ದರು. ಆ ಕಡಿತದ ಮುಖವನ್ನು ಕತ್ತಿಯಿಂದ ಕೆರೆದು ಚೊಕ್ಕಟಮಾಡಿದಾಗ ಕಂಡುದನ್ನು ಹೇಳುತ್ತೇನೆ. ಸಾಮಾನ್ಯವಾಗಿ ಮೇಲೆ ಕರಿಮಣ್ಣು, ಕೆಳಗೆ ಮುರಕಲ್ಲಿನ ಕೆಂಪುಪುಡಿ ಇರಬೇಕಷ್ಟೆ. ಇಲ್ಲಿ ಹುಲ್ಲಿನ ಕೆಳಗೆ ಎರಡು ಮೊಳದಷ್ಟು ಮುರಕಲ್ಲಿನ ಚೂರು ಬೆರೆತ ಕೆಂಪುಮಣ್ಣು. ಅದರಡಿಯಲ್ಲಿ ಗೇಣಗಲದ ಕಪ್ಪು ಪಟ್ಟೆ. ಅದರ ಕೆಳಗೆ ಮತ್ತೆ ಕೆಂಪು. ಆ ಕಪ್ಪುಪಟ್ಟೆಯೇ ಹಳೆಯ ನೆಲದ ಮೇಲ್ಮೈ. ಒಂದು ಕಾಲದಲ್ಲಿ ಅದರ ಮೇಲೆ ಹುಲ್ಲು ಬೆಳೆದಿತ್ತು, ದನ ಮೇದಿತ್ತು. ಯಾರೋ ಬದಿಯಲ್ಲಿ ಅಗಳು ಕಡಿದು, ಅದರ ಮಣ್ಣನ್ನು ಆ ಹುಲ್ಲಿನ ಮೇಲೆಯೇ ಒಟ್ಟಿದ್ದಾರೆ. ಆದುದರಿಂದ ಅದು ಮನುಷ್ಯರ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಕಪ್ಪುಪಟ್ಟೆಯಲ್ಲಿ ಒಂದು ಮಡಕೆಚೂರೋ ಸುಟ್ಟ ಇದ್ದಲಿನ ತುಂಡೋ ಸಿಕ್ಕಿದರೆ ಬಲ್ಲವರು ಕಾಲವನ್ನು ಹೇಳಬಲ್ಲರು. ನಾವು ಅದನ್ನು ಮುಟ್ಟಲಿಲ್ಲ. ಅಗೆಯುವುದು ಅರಿತವರ ಕೆಲಸ, ಅನುಮತಿಯೂ ಬೇಕು. ಅಗಲ, ಎತ್ತರ, ಬಾಗು, ಸರ್ವೆ ಕಲ್ಲಿನಿಂದ ದೂರ, ಪಟ್ಟೆಯ ದಪ್ಪ, ಇಷ್ಟನ್ನು ನಕ್ಷೆಯಲ್ಲಿ ಬರೆದುಕೊಂಡೆವು. ಬೆಳಗ್ಗೆ ಎಂಟಕ್ಕೆ ಹೊರಟ ಕೆಲಸ ಊಟದ ಹೊತ್ತಿಗೆ ಮುಗಿಯಿತು. ಶೆಟ್ರ ಸೊಸೆ ಬಾಳೆ ಎಲೆ ಹಾಕಿ ಕುಚ್ಚಿಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ ಬಡಿಸಿದರು.

ಹೊರಡುವಾಗ ಯಜಮಾನರು ನಕ್ಷೆಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮ ಬಾಲ್ಯದಲ್ಲಿ ದಿಬ್ಬ ಇನ್ನೂ ಮುಂದಕ್ಕೆ ಹಲಸಿನ ಮರದವರೆಗೆ ಇತ್ತೆಂದೂ, ದನ ಮೇಯಿಸುವ ಹುಡುಗರು ಅದರ ಮೇಲೆ ಓಡುತ್ತಿದ್ದರೆಂದೂ ನೆನಪು ಮಾಡಿ ಹೇಳಿದರು. ಅದನ್ನೂ ಚುಕ್ಕಿಗೆರೆಯಿಂದ ಗುರುತುಮಾಡಿದೆನು. ಸೋಮವಾರ ಯಂತ್ರ ಬಂತು. ಮನೆಗೆ ಬೇಕಾದಷ್ಟು ಭಾಗ ಸಮತಟ್ಟಾಯಿತು, ನೆರೆಯವರ ಜಾಗದಲ್ಲಿ ಉಳಿದುದು ಉಳಿದಿದೆ. ನಕ್ಷೆಯ ಒಂದು ಪ್ರತಿ ಇಲಾಖೆಗೆ ಹೋಯಿತು. ಇನ್ನೊಂದನ್ನು ಶೆಟ್ರು ಕೇಳಿ ತೆಗೆದುಕೊಂಡು, ಜಾಗದ ಹಳೆಯ ಮೂಲಗೇಣಿ ಚೀಟಿಯ ಜೊತೆಗೆ ಕಪಾಟಿನಲ್ಲಿಟ್ಟುಕೊಂಡಿದ್ದಾರೆ.